ಮಹಾಮಾರಿಯ ದಿನಗಳಲ್ಲಿ ಮಕ್ಕಳನ್ನು ಕಾದ ಶಾಲೆ
(ಶತಮಾನೋತ್ಸವದ ವಿಚಾರಗೋಷ್ಠಿಯಲ್ಲಿ ಓದಿದ ಭಾಷಣ)



ನಮ್ಮ ದೇವಾಲಯವು ನೂರು ವರ್ಷಗಳನ್ನು ಪೂರೈಸಿರುವ ಈ ಮಂಗಳ ಸಂದರ್ಭದಲ್ಲಿ ‘ಶಾಲೆ ಮತ್ತು ಸಮಾಜ’ ಎಂಬ ವಿಷಯವಾಗಿ ನಾಲ್ಕು ಮಾತುಗಳನ್ನಾಡಬೇಕೆಂದು ಸಮಿತಿಯವರು ನಮ್ಮನ್ನು ಕೇಳಿಕೊಂಡರು. ದಂಪತಿಗಳಾದ ನಾವು ಈ ದೇವಾಲಯದ ಮಗ್ಗುಲಿನ ಶಾಲೆಯಲ್ಲಿ ಮೂವತ್ತಕ್ಕೂ ಹೆಚ್ಚು ವರ್ಷ ಉಪಾಧ್ಯಾಯ ವೃತ್ತಿಯಲ್ಲಿದ್ದವರು. ನಮ್ಮಿಬ್ಬರ ಅಭಿಪ್ರಾಯ ಒಂದಾಗುವುದು ಅಪರೂಪವೆಂಬುದನ್ನು ನಮ್ಮ ಹಳೆಯ ವಿದ್ಯಾರ್ಥಿಗಳು ಬಲ್ಲರು. ಆದರೆ ಈ ಒಂದು ವಿಷಯದಲ್ಲಿ ನಮಗೆ ಭಿನ್ನಾಭಿಪ್ರಾಯವಿಲ್ಲ. ಆದುದರಿಂದ ಓದುವವರು ಒಬ್ಬರಾದರೂ ‘ನಾವು’ ಎಂದೇ ಹೇಳಲು ಅಪ್ಪಣೆ ಬೇಡುತ್ತೇವೆ.

ಶಾಲೆಯ ಚರಿತ್ರೆಯನ್ನು ಈ ಸಂಚಿಕೆಯಲ್ಲಿ ಬೇರೆಯವರು ಬರೆದಿದ್ದಾರೆ. ಸೋಗೆಯ ಮಾಡಿಗೆ ಹೆಂಚು ಬಂದುದು, ಹೆಂಚಿನ ಜಾಗಕ್ಕೆ ತಾರಸಿ ಬಂದುದು, ಒಂದು ಕೊಠಡಿ ಹನ್ನೆರಡಾದುದು, ಎಲ್ಲವೂ ಸಂತೋಷದ ಸಂಗತಿಗಳೇ. ನಾವು ಆರಿಸಿಕೊಂಡಿರುವುದು ಶಾಲೆಯ ಬಾಗಿಲು ಮುಚ್ಚಿದ್ದ ಕಾಲವನ್ನು. 2020ರ ಆ ಮಹಾಮಾರಿಯ ವರ್ಷವು ನಮ್ಮ ಕುಟುಂಬಕ್ಕೆ ಒಂದು ಉಪಕಾರದ ಋಣವನ್ನೂ ಒಂದು ತಪ್ಪಿನ ಋಣವನ್ನೂ ಬಿಟ್ಟುಹೋಗಿದೆ. ಮೊದಲನೆಯದನ್ನು ತೀರಿಸಬೇಕಾದ ಜಾಗ ಇಂಗ್ಲೆಂಡಿನಲ್ಲಿದೆ. ಎರಡನೆಯದನ್ನು ತೀರಿಸಬೇಕಾದ ಜಾಗ ಇದೇ ಊರು.

ನಮ್ಮ ಮಗಳನ್ನು ನೀವೆಲ್ಲರೂ ಬಲ್ಲಿರಿ. ಇದೇ ಶಾಲೆಯಲ್ಲಿ ಓದಿ, ಬೆಂಗಳೂರಿನಲ್ಲಿ ಶುಶ್ರೂಷಾ ಶಿಕ್ಷಣ ಪಡೆದು, ದಾದಿಯಾಗಿ ಇಂಗ್ಲೆಂಡಿಗೆ ಹೋದವಳು. ಈ ಧರ್ಮಕೇಂದ್ರದ ಎಷ್ಟೋ ಮನೆಗಳ ಹೆಣ್ಣುಮಕ್ಕಳು ಹೀಗೆಯೇ ಕೊಲ್ಲಿ ರಾಷ್ಟ್ರಗಳಲ್ಲಿ, ಇಂಗ್ಲೆಂಡಿನಲ್ಲಿ, ಐರ್ಲೆಂಡಿನಲ್ಲಿ ರೋಗಿಗಳ ಸೇವೆ ಮಾಡುತ್ತಿದ್ದಾರೆ. ಅಂಥ ಮನೆಗಳಲ್ಲಿ ಒಂದು ಪದ್ಧತಿ ತಾನಾಗಿ ಬೆಳೆದುಬಂದಿದೆ. ಮಗು ಚಿಕ್ಕದಿರುವಾಗ ಒಮ್ಮೆ ಹೆಣ್ಣಿನ ಕಡೆಯ ಅಜ್ಜ ಅಜ್ಜಿ, ಮತ್ತೊಮ್ಮೆ ಗಂಡಿನ ಕಡೆಯವರು, ಆರಾರು ತಿಂಗಳಿಗೆ ಮೀರದ ವೀಸಾ ಪಡೆದು, ಹಪ್ಪಳ ಉಪ್ಪಿನಕಾಯಿಗಳ ಗಂಟು ಕಟ್ಟಿಕೊಂಡು ವಿಮಾನ ಹತ್ತುತ್ತಾರೆ. ಹೊರಗಿನವರು ಅದನ್ನು ವಿದೇಶ ಪ್ರವಾಸವೆಂದು ಕರೆಯುತ್ತಾರೆ. ಹೋದವರಿಗೆ ಗೊತ್ತು, ಅದು ಮಗು ನೋಡಿಕೊಳ್ಳುವ ಪಾಳಿ. 2020ರ ಏಪ್ರಿಲ್ ಮೊದಲ ವಾರದಿಂದ ಆ ಪಾಳಿ ನಮ್ಮದಾಗಬೇಕಾಗಿತ್ತು. ಮೊಮ್ಮಗಳಿಗೆ ಆಗ ಆರು ವರ್ಷ. ಅಳಿಯನಿಗೆ ಆಹಾರ ಸಾಮಗ್ರಿಯ ಉಗ್ರಾಣದಲ್ಲಿ ರಾತ್ರಿಯ ಕೆಲಸ. ಮಾರ್ಚ್ 22ರಿಂದ ವಿದೇಶದ ಪ್ರಯಾಣಿಕ ವಿಮಾನಗಳು ನಮ್ಮ ದೇಶದಲ್ಲಿ ಇಳಿಯುವುದು ನಿಂತಿತು. ಮೂರು ದಿನ ಕಳೆದು ದೇಶವೇ ದಿಗ್ಬಂಧನಕ್ಕೊಳಗಾಯಿತು. ಕಟ್ಟಿದ ಗಂಟು ಕಟ್ಟಿದಂತೆಯೇ ಉಳಿಯಿತು.

ಅತ್ತ ಇಂಗ್ಲೆಂಡಿನಲ್ಲಿ ಮಾರ್ಚ್ 18ರಂದು ಶಿಕ್ಷಣ ಮಂತ್ರಿಗಳು ಸಂಸತ್ತಿನಲ್ಲಿ ಪ್ರಕಟಣೆ ಹೊರಡಿಸಿದರು: 20ನೆಯ ತಾರೀಖು ಶುಕ್ರವಾರದ ಪಾಠ ಮುಗಿದ ಮೇಲೆ ಶಾಲೆಗಳು ಮುಚ್ಚತಕ್ಕದ್ದು. ಅದೇ ಶುಕ್ರವಾರ ಸಂಜೆಯಿಂದ ಅಲ್ಲಿಯ ಕಥೋಲಿಕ ದೇವಾಲಯಗಳಲ್ಲಿ ಸಾರ್ವಜನಿಕ ಬಲಿಪೂಜೆಯೂ ನಿಂತಿತು. ಮಗಳು ದೂರವಾಣಿಯಲ್ಲಿ ಈ ಎರಡು ಸುದ್ದಿಗಳನ್ನೂ ಒಟ್ಟಿಗೆ ತಿಳಿಸಿದಾಗ ನಮ್ಮ ಮನಸ್ಸಿಗೆ ಎಲ್ಲ ಬಾಗಿಲುಗಳೂ ಒಮ್ಮೆಲೇ ಮುಚ್ಚಿದಂತಾಯಿತು. ಆದರೆ ಶಾಲೆಯ ಬಾಗಿಲು ಪೂರ್ತಿಯಾಗಿ ಮುಚ್ಚಿರಲಿಲ್ಲ. ಇಬ್ಬರು ಬಗೆಯ ಮಕ್ಕಳಿಗಾಗಿ ಅದನ್ನು ಓರೆಯಾಗಿ ತೆರೆದಿಟ್ಟಿದ್ದರು. ಮನೆಯ ಪರಿಸ್ಥಿತಿ ಸರಿಯಿಲ್ಲದೆ ಸಮಾಜ ಕಾರ್ಯಕರ್ತರ ನಿಗಾದಲ್ಲಿದ್ದ ಮಕ್ಕಳು ಹಾಗೂ ವಿಶೇಷ ನೆರವು ಬೇಕಾದ ಮಕ್ಕಳು ಒಂದು ಬಗೆಯವರು. ಯಾರ ತಂದೆತಾಯಿಗಳ ದುಡಿಮೆ ಒಂದು ದಿನ ನಿಂತರೂ ನಾಡಿನ ಜೀವನ ನಿಲ್ಲುವುದೋ ಅಂಥವರ ಮಕ್ಕಳು ಇನ್ನೊಂದು ಬಗೆಯವರು. ಇಂಥ ದುಡಿಮೆಗಾರರನ್ನು ಅಲ್ಲಿಯ ಜನ ‘ಕೀ ವರ್ಕರ್’ ಎಂದು ಕರೆದರು. ನಾವು ಅತ್ಯಾವಶ್ಯಕ ಸೇವೆಯವರು ಎನ್ನೋಣ.

ಆ ಸರ್ಕಾರ ಪ್ರಕಟಿಸಿದ ಪಟ್ಟಿಯಲ್ಲಿ ಎಂಟು ವಿಭಾಗಗಳಿದ್ದವು. ವೈದ್ಯರು, ದಾದಿಯರು ಮೊದಲ ಸಾಲಿನಲ್ಲಿದ್ದುದು ಸಹಜವೇ. ನಮ್ಮನ್ನು ಯೋಚನೆಗೆ ಹಚ್ಚಿದುದು ಮುಂದಿನ ಸಾಲುಗಳು. ವೃದ್ಧಾಶ್ರಮಗಳಲ್ಲಿ ಆರೈಕೆ ಮಾಡುವವರು, ಆಹಾರವನ್ನು ತಯಾರಿಸುವವರು, ಸಾಗಿಸುವವರು, ಅಂಗಡಿಯಲ್ಲಿ ಮಾರುವವರು, ನೀರು ಮತ್ತು ಒಳಚರಂಡಿಯವರು, ವಿದ್ಯುತ್ತಿನವರು, ಕಸ ವಿಲೇವಾರಿಯವರು, ಅಂಚೆಯವರು, ಪೊಲೀಸರು, ಅಗ್ನಿಶಾಮಕ ದಳದವರು, ಪತ್ರಕರ್ತರು, ಅಷ್ಟೇ ಅಲ್ಲ, ಧರ್ಮಸೇವೆಯಲ್ಲಿರುವವರು ಮತ್ತು ಸತ್ತವರ ಅಂತ್ಯಕ್ರಿಯೆಯ ಹೊಣೆ ಹೊತ್ತವರು. ಯಾವ ದುಡಿಮೆಗೆ ನಾವು ಎಂದೂ ಕೈಮುಗಿದವರಲ್ಲವೋ ಆ ದುಡಿಮೆ ವೈದ್ಯರ ದುಡಿಮೆಯ ಪಕ್ಕದಲ್ಲಿಯೇ ನಿಂತಿತ್ತು. ಶಿಕ್ಷಕರ ಹೆಸರೂ ಅಲ್ಲಿತ್ತು. ಏಕೆಂದರೆ ಉಳಿದವರ ಮಕ್ಕಳನ್ನು ಕಾಯುವವರ ಮಕ್ಕಳನ್ನೂ ಯಾರಾದರೂ ಕಾಯಬೇಕಲ್ಲ! ತಂದೆತಾಯಿಗಳಲ್ಲಿ ಒಬ್ಬರು ಈ ಪಟ್ಟಿಯಲ್ಲಿದ್ದರೆ ಸಾಕಾಗಿತ್ತು. ಆದರೆ ಒಂದು ಮಾತನ್ನು ಒತ್ತಿ ಹೇಳಿದ್ದರು: ಮನೆಯಲ್ಲಿ ಸುರಕ್ಷಿತವಾಗಿ ಇರಬಲ್ಲ ಮಗು ಮನೆಯಲ್ಲಿಯೇ ಇರಲಿ, ಬೇರೆ ದಾರಿಯಿಲ್ಲದವರಿಗಾಗಿ ಈ ಏರ್ಪಾಡು.

ನಮ್ಮ ಮಗಳಿಗೆ ಬೇರೆ ದಾರಿಯಿರಲಿಲ್ಲ. ರಾತ್ರಿಯೆಲ್ಲ ದುಡಿದು ಬಂದ ಗಂಡ ಹಗಲು ಮಲಗದಿದ್ದರೆ ಮರುರಾತ್ರಿ ಉಗ್ರಾಣದಲ್ಲಿ ನಿಲ್ಲಲಾರ. ಮೊದಲು ಮಗುವನ್ನು ಬೆಳಗಿನ ಹೊತ್ತು ನೋಡಿಕೊಳ್ಳುತ್ತಿದ್ದ ನೆರೆಮನೆಯ ವೃದ್ಧೆ ತಮ್ಮ ಆರೋಗ್ಯದ ದೃಷ್ಟಿಯಿಂದ ಬಾಗಿಲು ಹಾಕಿಕೊಂಡಿದ್ದರು; ಅದು ತಪ್ಪಲ್ಲ. ಮಾರ್ಚ್ 23ರ ಸೋಮವಾರ ಬೆಳಗ್ಗೆ ಮೊಮ್ಮಗಳು ಶಾಲೆಗೆ ಹೋದಳು. ಆ ರಾತ್ರಿಯೇ ಅಲ್ಲಿಯ ಪ್ರಧಾನಿಗಳು ಜನರೆಲ್ಲರೂ ಮನೆಯಲ್ಲಿರಬೇಕೆಂದು ಆಜ್ಞೆ ಮಾಡಿದರು.

ನಾವು ದೂರವಾಣಿಯಲ್ಲಿಯೇ ಮಗಳನ್ನು ಗದರಿಸಿದ್ದುಂಟು. ‘ಊರಿಗೆ ಊರೇ ಬಾಗಿಲು ಹಾಕಿಕೊಂಡಿರುವಾಗ ಮಗುವನ್ನು ಹೊರಗೆ ಕಳಿಸುತ್ತೀಯಲ್ಲ, ನಿನಗೆ ಭಯವಿಲ್ಲವೇ?’ ಎಂದು ಕೇಳಿದೆವು. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದಳು: ‘ಅಮ್ಮಾ, ಭಯ ಇದೆ. ಆದರೆ ನಾನು ಮನೆಯಲ್ಲಿ ಕೂತರೆ ನನ್ನ ವಾರ್ಡಿನವರನ್ನು ನೋಡುವವರು ಯಾರು? ನಾನು ಹೋದರೆ ಇವಳನ್ನು ನೋಡುವವರು ಯಾರು? ಇಲ್ಲಿ ಈ ಎರಡು ಪ್ರಶ್ನೆಗೂ ಇರುವ ಉತ್ತರ ಒಂದೇ, ಆ ಶಾಲೆ.’ ಮೂವತ್ತು ವರ್ಷ ಪಾಠ ಹೇಳಿದ ನಮಗೆ ಶಾಲೆಯೆಂದರೇನೆಂಬುದನ್ನು ಅಂದು ನಮ್ಮ ಮಗಳು ಕಲಿಸಿದಳು.

ಅವಳ ಮಾತಿನ ಹಿಂದೆ ಒಂದು ದೊಡ್ಡ ಲೆಕ್ಕಾಚಾರವೇ ಇತ್ತೆಂಬುದು ನಮಗೆ ಅನಂತರ ತಿಳಿಯಿತು. ಅದೇ ವರ್ಷದ ಏಪ್ರಿಲಿನಲ್ಲಿ ಅಮೆರಿಕದ ಇಬ್ಬರು ಸಂಶೋಧಕರು ತಮ್ಮ ದೇಶದ ಅಂಕಿಸಂಖ್ಯೆಗಳನ್ನು ಪರಿಶೀಲಿಸಿ ಒಂದು ಲೇಖನ ಪ್ರಕಟಿಸಿದರು. ಶಾಲೆಗಳು ಮುಚ್ಚಿದರೆ ಅಲ್ಲಿಯ ಆರೋಗ್ಯ ಸೇವೆಯವರಲ್ಲಿ ನೂರಕ್ಕೆ ಸುಮಾರು 29 ಜನರಿಗೆ 3ರಿಂದ 12 ವರ್ಷದ ಮಕ್ಕಳನ್ನು ನೋಡಿಕೊಳ್ಳುವ ಹೊಣೆ ಬೀಳುತ್ತದೆ. ಮನೆಯಲ್ಲಿ ಕೆಲಸಕ್ಕೆ ಹೋಗದ ಹಿರಿಯರಾಗಲಿ ದೊಡ್ಡ ಮಕ್ಕಳಾಗಲಿ ಇರುವವರನ್ನು ಬಿಟ್ಟರೂ ನೂರಕ್ಕೆ 15 ಜನ ದಿಕ್ಕಿಲ್ಲದೆ ಉಳಿಯುತ್ತಾರೆ. ಸೋಂಕು ಹರಡದಿರಲೆಂದು ಶಾಲೆ ಮುಚ್ಚಿದುದರಿಂದ ಉಳಿಯುವ ಜೀವಗಳೆಷ್ಟು, ದಾದಿಯರು ಮನೆಯಲ್ಲಿ ಉಳಿದುದರಿಂದ ಆಸ್ಪತ್ರೆಯಲ್ಲಿ ಹೋಗುವ ಜೀವಗಳೆಷ್ಟು, ಎರಡನ್ನೂ ತೂಗಿ ನೋಡಬೇಕೆಂಬುದು ಅವರ ವಾದ. ನ್ಯೂಯಾರ್ಕ್ ನಗರದ ಮೇಯರರು ಶಾಲೆಗಳನ್ನು ಮುಚ್ಚಲು ಹಿಂದೆಮುಂದೆ ನೋಡಿದುದಕ್ಕೆ ಇದೂ ಒಂದು ಕಾರಣವಾಗಿತ್ತು. ಮಾರ್ಚ್ 16ರಂದು ಮುಚ್ಚಿದರು. ಒಂದೇ ವಾರದಲ್ಲಿ, 23ರಂದು, ಆಸ್ಪತ್ರೆಯವರ ಹಾಗೂ ಇತರ ತುರ್ತು ಸೇವೆಯವರ ಮಕ್ಕಳಿಗಾಗಿ ನಗರದ ಹಲವೆಡೆ ಕೇಂದ್ರಗಳನ್ನು ತೆರೆದರು.

ಮನೆಯ ತೊಲೆ ಹೊರಗಿನಿಂದ ಕಾಣುವುದಿಲ್ಲ. ಹೆಂಚು ಕಾಣುತ್ತದೆ, ಗೋಡೆಯ ಬಣ್ಣ ಕಾಣುತ್ತದೆ. ತೊಲೆ ಜರುಗಿದ ದಿನ ಮಾತ್ರ ಅದರ ಮೇಲೆ ಏನೇನು ನಿಂತಿತ್ತೆಂಬುದು ತಿಳಿಯುತ್ತದೆ. ಅಕ್ಷರ, ಅಂಕಗಣಿತ, ಪರೀಕ್ಷೆಗಳಿಗಾಗಿ ಶಾಲೆಯಿದೆಯೆಂದು ನಾವು ತಿಳಿದಿದ್ದೆವು. ಆಸ್ಪತ್ರೆ, ಅಂಗಡಿ, ಬಸ್ಸು, ಪೊಲೀಸು ಠಾಣೆ ಎಲ್ಲವೂ ಬೆಳಗ್ಗೆ ಒಂಬತ್ತು ಗಂಟೆಗೆ ಮಗುವಿನ ಕೈ ಹಿಡಿದುಕೊಳ್ಳುವ ಒಬ್ಬ ಉಪಾಧ್ಯಾಯಿನಿಯ ಮೇಲೆ ನಿಂತಿವೆಯೆಂಬುದು ನಮಗೆ ಹೊಳೆದೇ ಇರಲಿಲ್ಲ.

ಅಲ್ಲಿಯ ಶಾಲೆಯ ದಿನಗಳು ಹೇಗಿದ್ದವೆಂದು ಮೊಮ್ಮಗಳು ನಮಗೆ ವರದಿ ಒಪ್ಪಿಸುತ್ತಿದ್ದಳು. ಮೂವತ್ತು ಮಕ್ಕಳ ಕೊಠಡಿಯಲ್ಲಿ ಏಳೇ ಮಕ್ಕಳು; ಅವರಲ್ಲಿ ಅವಳ ತರಗತಿಯವಳು ಅವಳೊಬ್ಬಳೇ. ಹತ್ತು ವರ್ಷದ ಹುಡುಗನೊಬ್ಬ ಅವಳಿಗೆ ಓದಿ ಹೇಳುತ್ತಿದ್ದನಂತೆ. ಅವನ ತಂದೆ ಲಾರಿ ಚಾಲಕ. ಪಾಠ ಸ್ವಲ್ಪ, ಆಟ ಬಹಳ, ಕೈ ತೊಳೆಯುವುದು ಎಲ್ಲಕ್ಕಿಂತ ಹೆಚ್ಚು. ಒಂದು ದಿನ ಕಾಗದದ ಮೇಲೆ ಕಾಮನಬಿಲ್ಲು ಬರೆದು ಕಿಟಕಿಗೆ ಅಂಟಿಸಿದರು. ಆ ದೇಶದ ಸಾವಿರಾರು ಮನೆಗಳ ಕಿಟಕಿಗಳಲ್ಲಿ ಆಗ ಮಕ್ಕಳು ಬರೆದ ಕಾಮನಬಿಲ್ಲುಗಳಿದ್ದವು. ಏಪ್ರಿಲ್ 12ರಂದು ಪಾಸ್ಕ ಹಬ್ಬ ಬಂದಿತು. ಸಾಧಾರಣವಾಗಿ ಹಬ್ಬದ ಸುತ್ತ ಎರಡು ವಾರ ರಜೆ. ಆದರೆ ಆ ವರ್ಷ ರಜೆಯಲ್ಲಿಯೂ ಈ ಮಕ್ಕಳಿಗಾಗಿ ಬಾಗಿಲು ತೆರೆದಿಡಬೇಕೆಂದು ಶಾಲೆಗಳನ್ನು ಕೇಳಿಕೊಂಡಿದ್ದರು. ಸರದಿಯ ಪ್ರಕಾರ ಶಿಕ್ಷಕಿಯರು ಬಂದರು. ಅವರಿಗೂ ಮನೆಯಿತ್ತು, ಮಕ್ಕಳಿದ್ದರು, ವಯಸ್ಸಾದ ತಾಯಂದಿರಿದ್ದರು. ಆಗ ಯಾರಿಗೂ ಲಸಿಕೆ ಬಂದಿರಲಿಲ್ಲ.

ಇದು ಕುಂದಿಲ್ಲದ ಏರ್ಪಾಡೆಂದು ನಾವು ಹೇಳುವುದಿಲ್ಲ. ದಾದಿಯ ಪಾಳಿ ಹನ್ನೆರಡು ಗಂಟೆ, ಶಾಲೆಯ ದಿನ ಅದರ ಅರ್ಧ. ಉಳಿದರ್ಧಕ್ಕೆ ಮಗಳೂ ಅಳಿಯನೂ ನಿದ್ರೆಯನ್ನು ಕತ್ತರಿಸಿ ತೇಪೆ ಹಾಕಬೇಕಾಯಿತು. ಮೊದಲ ವಾರಗಳಲ್ಲಿ ಶಾಲೆಗೆ ಬಂದ ಮಕ್ಕಳು ನೂರಕ್ಕೆ ಐವರಿಗಿಂತಲೂ ಕಡಿಮೆ. ಮನೆಯಲ್ಲಿ ಕಷ್ಟವಿದ್ದ ಮಕ್ಕಳಿಗೆಂದು ಬಾಗಿಲು ತೆರೆದಿದ್ದರೂ ಅವರಲ್ಲಿ ಬಹುಪಾಲು ಬರಲೇ ಇಲ್ಲ. ಯಾರಿಗೆ ಅತಿ ಹೆಚ್ಚು ಅಗತ್ಯವೋ ಅವರನ್ನು ಕರೆತರುವುದು ಬಾಗಿಲು ತೆರೆಯುವುದಕ್ಕಿಂತ ಕಠಿಣ ಕೆಲಸವೆಂದು ಅಲ್ಲಿ ಎಲ್ಲರಿಗೂ ಅರಿವಾಯಿತು. ಜೂನ್ 1ರಿಂದ ಕೆಲವು ಕಿರಿಯ ತರಗತಿಗಳು ಸಣ್ಣ ಸಣ್ಣ ಗುಂಪುಗಳಲ್ಲಿ ಮತ್ತೆ ಆರಂಭವಾದವು. 2021ರ ಜನವರಿ 5ರಿಂದ ಎರಡನೆಯ ಬಾರಿ ಶಾಲೆ ಮುಚ್ಚಿದಾಗ ಪರಿಸ್ಥಿತಿ ಬೇರೆಯಾಗಿತ್ತು. ಪ್ರಾಥಮಿಕ ಶಾಲೆಗಳಿಗೆ ಐವರಲ್ಲಿ ಒಬ್ಬರಂತೆ ಮಕ್ಕಳು ಬರತೊಡಗಿದರು. ಎದುರಿನ ಮಕ್ಕಳಿಗೂ ಪಾಠ, ಮನೆಯಲ್ಲಿರುವ ಮಕ್ಕಳಿಗೆ ಯಂತ್ರದ ಮೂಲಕವೂ ಪಾಠ; ಶಿಕ್ಷಕರು ಬಳಲಿದರು. ಮಾರ್ಚ್ 8ರಂದು ಎಲ್ಲ ಮಕ್ಕಳೂ ಹಿಂದಿರುಗುವವರೆಗೆ ಆ ಬಳಲಿಕೆ ಮುಂದುವರಿಯಿತು.

ಯಾರನ್ನು ಒಳಗೆ ಬಿಡಬೇಕೆಂಬುದರಲ್ಲಿಯೂ ದೇಶದೇಶಕ್ಕೆ ವ್ಯತ್ಯಾಸವಿತ್ತು. ಫ್ರಾನ್ಸ್ ಮೊದಲಿಗೆ ಆರೋಗ್ಯ ಸೇವೆಯವರ ಮಕ್ಕಳನ್ನು ಸೇರಿಸಿಕೊಂಡಿತು. ಜರ್ಮನಿಯ ಹಲವು ರಾಜ್ಯಗಳು ಆರಂಭದಲ್ಲಿ ತಂದೆ ತಾಯಿ ಇಬ್ಬರೂ ಅತ್ಯಾವಶ್ಯಕ ಸೇವೆಯಲ್ಲಿರಬೇಕೆಂದು ವಿಧಿಸಿ, ಅದರಿಂದಾದ ತೊಂದರೆಯನ್ನು ಕಂಡು ಒಬ್ಬರಿದ್ದರೂ ಸಾಕೆಂದು ಸಡಿಲಿಸಿದವು. ಡೆನ್ಮಾರ್ಕ್ ಏಪ್ರಿಲ್ 15ರಿಂದಲೇ ಎಳೆಯ ಮಕ್ಕಳ ತರಗತಿಗಳನ್ನು ತೆರೆದು, ಮೇಜುಗಳನ್ನು ದೂರ ದೂರವಿಟ್ಟು, ಸಾಧ್ಯವಾದಷ್ಟು ಪಾಠವನ್ನು ಬಯಲಿನಲ್ಲಿ ನಡೆಸಿತು. ಕ್ರಮಗಳು ಬೇರೆ ಬೇರೆ. ಅವುಗಳ ಹಿಂದಿದ್ದ ಒಪ್ಪಂದ ಒಂದೇ: ಒಬ್ಬರ ಕೆಲಸವನ್ನು ಅತ್ಯಾವಶ್ಯಕವೆಂದು ಸಮಾಜವು ಕರೆದರೆ, ಅವರ ಮಗುವಿನ ಹೊಣೆಯೂ ಸಮಾಜದ ಹೆಗಲಿಗೆ ಬರುತ್ತದೆ.

ಈ ವಿಚಾರ ತೀರ ಹೊಸದೂ ಅಲ್ಲ. ನಮ್ಮ ಈ ದೇವಾಲಯದ ಅಡಿಗಲ್ಲು ಬೀಳುವುದಕ್ಕೆ ಕೆಲವೇ ವರ್ಷಗಳ ಹಿಂದೆ, 1918ರಲ್ಲಿ, ಇನ್‌ಫ್ಲುಯೆಂಜಾ ಜ್ವರವು ಲೋಕವನ್ನೆಲ್ಲ ವ್ಯಾಪಿಸಿ ನಮ್ಮ ದೇಶವೊಂದರಲ್ಲಿಯೇ ಕೋಟಿಗೂ ಮಿಕ್ಕಿದ ಜನರನ್ನು ಬಲಿ ತೆಗೆದುಕೊಂಡಿತು. ಆಗಲೂ ನ್ಯೂಯಾರ್ಕ್ ಮತ್ತು ಶಿಕಾಗೋ ನಗರಗಳು ಶಾಲೆಗಳನ್ನು ತೆರೆದೇ ಇಟ್ಟವು. ಇಕ್ಕಟ್ಟಾದ ವಠಾರಗಳಿಗಿಂತ ದಾದಿಯರ ಕಣ್ಣಳತೆಯ ಶಾಲೆಯೇ ಮಕ್ಕಳಿಗೆ ಲೇಸೆಂಬುದು ಅಲ್ಲಿಯ ಆರೋಗ್ಯಾಧಿಕಾರಿಗಳ ನಿಲುವಾಗಿತ್ತು. ಎರಡನೆಯ ಮಹಾಯುದ್ಧದಲ್ಲಿ ತಾಯಂದಿರು ಕಾರ್ಖಾನೆಗಳಿಗೆ ಹೋಗಬೇಕಾದಾಗ ಬ್ರಿಟನ್ನಿನಲ್ಲಿ ಸಾವಿರಕ್ಕೂ ಮಿಕ್ಕಿ ಶಿಶುವಿಹಾರಗಳನ್ನು ತೆರೆದರು. ಯುದ್ಧ ಮುಗಿಯುತ್ತಲೇ ಬಹಳಷ್ಟನ್ನು ಮುಚ್ಚಿಬಿಟ್ಟರು. ಗಂಡಾಂತರದಲ್ಲಿ ಕಲಿತ ಪಾಠವನ್ನು ಗಂಡಾಂತರ ಕಳೆದೊಡನೆ ಮರೆಯುವುದು ಮನುಷ್ಯರ ಹಳೆಯ ಅಭ್ಯಾಸ.

ಇಲ್ಲಿ ಒಂದು ಪದದ ವಿಷಯ ಹೇಳಬೇಕು. ದುಡಿಯುವ ತಾಯಂದಿರ ಮಕ್ಕಳನ್ನು ಹಗಲು ನೋಡಿಕೊಳ್ಳುವ ಸ್ಥಳವನ್ನು ನಮ್ಮ ನಗರಗಳಲ್ಲಿ ‘ಕ್ರೆಶ್’ ಎನ್ನುತ್ತಾರೆ. ಅದು ಫ್ರೆಂಚ್ ಭಾಷೆಯ ಮಾತು. 1844ರಲ್ಲಿ ಪ್ಯಾರಿಸಿನಲ್ಲಿ ಫಿರ್ಮಿನ್ ಮಾರ್ಬೋ ಎಂಬವರು ಬಡ ಕೂಲಿಹೆಂಗಸರ ಕೂಸುಗಳಿಗಾಗಿ ಅಂಥ ಮೊದಲ ಮನೆಯನ್ನು ತೆರೆದು ಅದಕ್ಕೆ ಆ ಹೆಸರಿಟ್ಟರು. ಆ ಪದದ ಅರ್ಥ ಗೋದಲಿ. ಪ್ರತಿ ಕ್ರಿಸ್ತಜಯಂತಿಗೆ ನಾವು ಹುಲ್ಲು ಹಾಸಿ, ದೀಪ ಹಚ್ಚಿ, ಕೈಮುಗಿದು ನಿಲ್ಲುತ್ತೇವಲ್ಲ, ಅದೇ ಗೋದಲಿ. ಛತ್ರದಲ್ಲಿ ಸ್ಥಳವಿಲ್ಲದ ಮಗುವಿಗೆ ಯಾರೋ ಬಿಟ್ಟುಕೊಟ್ಟ ಜಾಗ.

ಈಗ ನಮ್ಮ ತಪ್ಪಿನ ಋಣಕ್ಕೆ ಬರುತ್ತೇವೆ.

ನಮ್ಮ ದೇಶದಲ್ಲಿಯೂ ಅತ್ಯಾವಶ್ಯಕ ಸೇವೆಯವರು ಒಂದು ದಿನವೂ ಮನೆಯಲ್ಲಿ ಕೂರಲಿಲ್ಲ. ದಾದಿಯರು, ಆಶಾ ಕಾರ್ಯಕರ್ತೆಯರು, ಪೌರಕಾರ್ಮಿಕರು, ಪೊಲೀಸರು ಬೀದಿಯಲ್ಲಿದ್ದರು. ಮಾರ್ಚ್ 22ರ ಸಂಜೆ ಐದು ಗಂಟೆಗೆ ನಾವೆಲ್ಲರೂ ಅವರಿಗಾಗಿ ಚಪ್ಪಾಳೆ ತಟ್ಟಿದೆವು. ಇಂಗ್ಲೆಂಡಿನವರೂ ಹತ್ತು ವಾರ ಗುರುವಾರದ ರಾತ್ರಿಗಳಲ್ಲಿ ಚಪ್ಪಾಳೆ ತಟ್ಟಿದರು. ವ್ಯತ್ಯಾಸವಿಷ್ಟೇ: ಚಪ್ಪಾಳೆಯ ಜೊತೆಗೆ ಅಲ್ಲಿ ಒಂದು ಕೊಠಡಿಯ ಬಾಗಿಲೂ ತೆರೆದಿತ್ತು. ನಮ್ಮಲ್ಲಿ ಶಾಲೆಯೂ ಅಂಗನವಾಡಿಯೂ ಒಟ್ಟಿಗೆ ಮುಚ್ಚಿದವು. ದುಡಿಯುವವರ ಮಕ್ಕಳಿಗಾಗಿ ಅಂಥ ಸಾರ್ವತ್ರಿಕ ಏರ್ಪಾಡು ಇರಲಿಲ್ಲ. ಅಜ್ಜಿ ಇದ್ದಾರೆ, ಅತ್ತೆ ಇದ್ದಾರೆ, ಹೇಗೋ ನಡೆಯುತ್ತದೆ ಎಂದುಕೊಂಡೆವು. ರೋಗವು ಹೆಚ್ಚಾಗಿ ಕಾಡಿದುದು ಆ ಅಜ್ಜಿಯ ವಯಸ್ಸಿನವರನ್ನೇ ಎಂಬುದನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. ಕರ್ನಾಟಕದಲ್ಲಿ 1ರಿಂದ 5ನೆಯ ತರಗತಿಯ ಮಕ್ಕಳು ಮತ್ತೆ ಶಾಲೆಯ ಮೆಟ್ಟಿಲು ತುಳಿದುದು 2021ರ ಅಕ್ಟೋಬರ್ 25ರಂದು, ಒಂದೂವರೆ ವರ್ಷ ಮೀರಿದ ಮೇಲೆ.

2020ರ ಏಪ್ರಿಲ್ ತಿಂಗಳ ಒಂದು ಸಂಜೆ ನಮ್ಮ ಮನೆಯ ಗೇಟಿನಾಚೆ ಒಬ್ಬ ತರುಣಿ ಬಂದು ನಿಂತಳು. ನಮ್ಮ ಬೀದಿಯವಳೇ, ನಮ್ಮ ಧರ್ಮಕೇಂದ್ರದವಳೇ, ದಾದಿ. ಗಂಡ ಕೊಲ್ಲಿ ದೇಶದಲ್ಲಿ ಸಿಕ್ಕಿಕೊಂಡಿದ್ದ. ಐದು ವರ್ಷದ ಗಂಡುಮಗು ನಮ್ಮ ಶಾಲೆಗೇ ಬರುತ್ತಿದ್ದುದು. ‘ಟೀಚರಮ್ಮ, ಹಗಲು ಹೊತ್ತು ಮಾತ್ರ ಇವನನ್ನು ನಿಮ್ಮಲ್ಲಿ ಬಿಡಲೇ? ಇಲ್ಲವಾದರೆ ಶಾಲೆಯ ಒಂದು ಕೋಣೆ ತೆಗೆಸಿಕೊಡುತ್ತಾರೆಯೇ, ಕೇಳಿ ನೋಡುತ್ತೀರಾ? ನಮ್ಮ ಹಾಗೆ ಇನ್ನೂ ನಾಲ್ಕು ಮನೆಯವರಿದ್ದೇವೆ’ ಎಂದಳು. ನಾವು ಗೇಟಿನ ಈಚೆಯೇ ನಿಂತು, ‘ನಮಗೂ ವಯಸ್ಸಾಯಿತಲ್ಲಮ್ಮ’ ಎಂದೆವು. ಶಾಲೆ ತೆರೆಯುವುದಕ್ಕೆ ಸರ್ಕಾರದ ಅಪ್ಪಣೆಯಿಲ್ಲವೆಂದೂ ಹೇಳಿದೆವು. ಎರಡೂ ನಿಜವೇ. ಅವಳು ವಾದಿಸಲಿಲ್ಲ, ‘ಆಗಲಿ ಮೇಷ್ಟ್ರೇ’ ಎಂದು ಹೊರಟುಹೋದಳು.

ಅದೇ ರಾತ್ರಿ ಇಂಗ್ಲೆಂಡಿನಿಂದ ಕರೆ ಬಂತು. ಮೊಮ್ಮಗಳು ತಾನು ಶಾಲೆಯಲ್ಲಿ ಬರೆದ ಚಿತ್ರವನ್ನು ತೋರಿಸಿದಳು. ನಮ್ಮ ರಕ್ತಸಂಬಂಧಿಯಲ್ಲದ, ನಮ್ಮ ಭಾಷೆಯವಳಲ್ಲದ, ನಾವು ಎಂದೂ ಮುಖ ನೋಡಿರದ ಒಬ್ಬ ಉಪಾಧ್ಯಾಯಿನಿ ಆ ದಿನವೆಲ್ಲ ನಮ್ಮ ಮಗುವನ್ನು ನೋಡಿಕೊಂಡಿದ್ದಳು. ನಾಲ್ಕು ಮನೆಯಾಚೆಯ ಮಗುವನ್ನು ನಾವು ನೋಡಿಕೊಂಡಿರಲಿಲ್ಲ. ದೂರವಾಣಿ ಇಟ್ಟ ಮೇಲೆ ನಾವಿಬ್ಬರೂ ಬಹಳ ಹೊತ್ತು ಮಾತನಾಡಲಿಲ್ಲ.

ನಮ್ಮ ವಯಸ್ಸು ತಪ್ಪಲ್ಲ, ನಮ್ಮ ಭಯವೂ ತಪ್ಪಲ್ಲ. ಇಂಗ್ಲೆಂಡಿನ ನೆರೆಮನೆಯ ವೃದ್ಧೆಯಂತೆ ನಮಗೂ ಬಾಗಿಲು ಹಾಕಿಕೊಳ್ಳುವ ಹಕ್ಕಿತ್ತು. ನಮ್ಮ ತಪ್ಪು ಬೇರೆಯದು. ಅವಳ ಎರಡನೆಯ ಪ್ರಶ್ನೆಯನ್ನು, ಶಾಲೆಯ ಕೋಣೆಯ ಪ್ರಶ್ನೆಯನ್ನು, ನಾವು ಯಾರ ಮುಂದೆಯೂ ಇಡಲಿಲ್ಲ. ಗುರುಗಳಿಗೆ ಹೇಳಲಿಲ್ಲ, ಸೋದರಿಯರಿಗೆ ಹೇಳಲಿಲ್ಲ, ತಾಲ್ಲೂಕು ಕಚೇರಿಗೆ ಒಂದು ಕಾಗದ ಬರೆಯಲಿಲ್ಲ. ಕೇಳಿ ‘ಇಲ್ಲ’ ಎನಿಸಿಕೊಳ್ಳುವುದು ಬೇರೆ. ಕೇಳದೆಯೇ ‘ಇಲ್ಲ’ವೆಂದು ತೀರ್ಮಾನಿಸುವುದು ಬೇರೆ. ಅವಳ ಅಣ್ಣ ಪರವಾನಿಗೆ ಪಡೆದು ಬಂದು ಮಗುವನ್ನು ಊರಿಗೆ ಕರೆದುಕೊಂಡು ಹೋದ. ಏಳು ತಿಂಗಳ ಮೇಲೆ ಮರಳಿ ಬಂದ ಮಗು ಮೊದಲ ರಾತ್ರಿ ತಾಯಿಯ ಪಕ್ಕದಲ್ಲಿ ಮಲಗಲು ಒಪ್ಪದೆ ಅಜ್ಜಿಯನ್ನೇ ಕೇಳಿ ಅತ್ತಿತಂತೆ. ಆ ತಾಯಿ ಇಂದು ಈ ಸಭೆಯಲ್ಲಿದ್ದಾಳೆ. ಅವಳ ಒಪ್ಪಿಗೆ ಪಡೆದೇ ಇದನ್ನು ಹೇಳುತ್ತಿದ್ದೇವೆ. ‘ಹೇಳಿ ಟೀಚರಮ್ಮ, ಆದರೆ ಬರೀ ಹೇಳಿ ಬಿಡಬೇಡಿ’ ಎಂದು ಅವಳು ಅಂದಳು. ಆದುದರಿಂದ ಬರಿದೆ ಹೇಳಿ ಬಿಡುವುದಿಲ್ಲ. ಒಂದು ಬಿನ್ನಹವನ್ನು ನಿಮ್ಮ ಮುಂದಿಡುತ್ತೇವೆ.

ಮಕ್ಕಳನ್ನು ನೋಡಿಕೊಳ್ಳುವ ವಿಷಯದಲ್ಲಿ ನಮ್ಮಲ್ಲಿ ಕಾನೂನುಗಳಿಲ್ಲವೆಂದಲ್ಲ. 1948ರ ಕಾರ್ಖಾನೆಗಳ ಕಾಯಿದೆಯೇ ಹೆಣ್ಣಾಳುಗಳಿರುವ ದೊಡ್ಡ ಕಾರ್ಖಾನೆಗಳಲ್ಲಿ ಶಿಶುಪಾಲನಾ ಕೋಣೆಯನ್ನು ವಿಧಿಸಿತು. ಹೆರಿಗೆ ಸೌಲಭ್ಯ ಕಾಯಿದೆಗೆ 2017ರಲ್ಲಿ ಆದ ತಿದ್ದುಪಡಿಯು 50 ಅಥವಾ ಹೆಚ್ಚು ನೌಕರರಿರುವ ಸಂಸ್ಥೆಗಳಿಗೆ ಅದೇ ಹೊಣೆಯನ್ನು ಹೊರಿಸಿತು. 2023ರಲ್ಲಿ ನಮ್ಮ ರಾಜ್ಯ ಸರ್ಕಾರ ಉದ್ಯೋಗ ಖಾತರಿ ಕೆಲಸಕ್ಕೆ ಹೋಗುವ ತಾಯಂದಿರ ಪುಟ್ಟ ಮಕ್ಕಳಿಗಾಗಿ ಗ್ರಾಮ ಪಂಚಾಯಿತಿಗಳಲ್ಲಿ ‘ಕೂಸಿನ ಮನೆ’ಗಳನ್ನು ಆರಂಭಿಸಿತು, ಹೆಸರೇ ಎಷ್ಟು ಸೊಗಸು! ಆದರೆ ಇವೆಲ್ಲವೂ ಸುಭಿಕ್ಷದ ದಿನಗಳಿಗಾಗಿ ಯೋಚಿಸಿದವು. ಎಲ್ಲವೂ ಮುಚ್ಚುವ ದಿನ ಯಾವುದು ತೆರೆದಿರಬೇಕೆಂಬುದನ್ನು ಮೊದಲೇ ಬರೆದಿಡುವ ಕೆಲಸ ಉಳಿದುಕೊಂಡಿದೆ.

ಕಷ್ಟಕಾಲದಲ್ಲಿ ಶಾಲೆ ತೆರೆಯುವುದು ನಮಗೆ ಹೊಸದೇ? ಚುನಾವಣೆ ಬಂದರೆ ಶಾಲೆ ತೆರೆಯುತ್ತೇವೆ. 2018ರಲ್ಲಿ ಕೊಡಗಿನ ಗುಡ್ಡಗಳು ಕುಸಿದಾಗ ನಿರಾಶ್ರಿತರಿಗೆ ಶಾಲೆಗಳ ಬಾಗಿಲು ತೆರೆಯಿತು. ಮಹಾಮಾರಿಯ ಕಾಲದಲ್ಲಿಯೇ ಹೊರ ಊರುಗಳಿಂದ ಬಂದವರನ್ನು ಪ್ರತ್ಯೇಕವಾಗಿರಿಸಲು ಎಷ್ಟೋ ಶಾಲೆಗಳನ್ನೂ ವಿದ್ಯಾರ್ಥಿನಿಲಯಗಳನ್ನೂ ಬಳಸಿಕೊಂಡರು. ದಾದಿಯ ಮಗುವಿಗಾಗಿ ತೆರೆಯುವುದೊಂದೇ ನಮ್ಮ ಬುದ್ಧಿಗೆ ಹೊಳೆಯದೆ ಹೋಯಿತು.

ನಮ್ಮ ಬಿನ್ನಹ ಇಷ್ಟು. ಈ ಶತಮಾನೋತ್ಸವದ ನೆನಪಿಗಾಗಿ ನಮ್ಮ ಶಾಲೆಯಲ್ಲಿ ಒಂದು ದಫ್ತರನ್ನು ತೆರೆಯೋಣ. ಯಾವ ಗಂಡಾಂತರದಲ್ಲಿಯೂ ಕೆಲಸಕ್ಕೆ ಹೋಗಲೇಬೇಕಾದವರ ಹೆಸರುಗಳನ್ನು, ಅವರ ಮಕ್ಕಳ ವಯಸ್ಸನ್ನು, ಪಾಳಿಯ ವೇಳೆಯನ್ನು ಅದರಲ್ಲಿ ಬರೆದಿಡೋಣ. ದಾದಿಯರಷ್ಟೇ ಅಲ್ಲ, ಆಸ್ಪತ್ರೆಯ ನೆಲ ಒರೆಸುವವರು, ಪೌರಕಾರ್ಮಿಕರು, ಲೈನ್‌ಮನ್ನರು, ಹಾಲಿನ ವಾಹನದವರು, ಸ್ಮಶಾನದಲ್ಲಿ ಗುಣಿ ತೋಡುವವರು ಎಲ್ಲರ ಹೆಸರೂ ಇರಲಿ. ಜಾತಿ ಮತ ಕೇಳದೆ ನಮ್ಮ ಶಾಲೆಗೆ ಬರುವ ಎಲ್ಲ ಮನೆಗಳವರದೂ ಇರಲಿ. ನೆಲಮಟ್ಟದ ಎರಡು ಕೊಠಡಿಗಳಿಗೆ ಎರಡು ಕಡೆಯೂ ಕಿಟಕಿಗಳಿವೆ, ಬೇರೆ ಬಾಗಿಲಿದೆ, ಹತ್ತಿರದಲ್ಲಿಯೇ ನಲ್ಲಿಯಿದೆ. ಒಂದೊಂದರಲ್ಲಿ ಹತ್ತು ಮಕ್ಕಳಿಗೆ ಮೀರದಂತೆ, ದಿನವೂ ಅವೇ ಮಕ್ಕಳು, ಅವರೇ ಪಾಲಕರು ಇರುವಂತೆ ಏರ್ಪಾಡು ಮಾಡಬಹುದು. ಕಾಯುವ ಕೆಲಸ ನಮ್ಮಂಥ ಮುದುಕರದಲ್ಲ. ಆರೋಗ್ಯವಂತರಾದ ತರುಣ ತರುಣಿಯರು ಈಗಲೇ ಹೆಸರು ಕೊಡಲಿ, ಅವರಿಗೆ ಸೂಕ್ತ ತರಬೇತಿಯೂ ಸಂಭಾವನೆಯೂ ದೊರೆಯಲಿ. ಹಣ ಸೇರಿಸುವುದು, ಬುತ್ತಿ ಕಳಿಸುವುದು, ದೂರವಾಣಿಯಲ್ಲಿ ಕತೆ ಹೇಳುವುದು ಹಿರಿಯರ ಪಾಲಿಗೆ ಇರಲಿ. ಕ್ಷೇತ್ರ ಶಿಕ್ಷಣಾಧಿಕಾರಿಗಳಿಗೂ ತಹಶೀಲ್ದಾರರಿಗೂ ಈ ಯೋಜನೆಯನ್ನು ಮುಂಚಿತವಾಗಿ ತಿಳಿಸಿ ಅಭಿಪ್ರಾಯ ಕೇಳೋಣ. ಮನೆ ಹೊತ್ತಿಕೊಂಡ ಮೇಲೆ ಬಾವಿ ತೋಡಲು ಹೊರಡುವುದು ಬೇಡ. ಮನೆಯಲ್ಲಿ ಕಷ್ಟವಿರುವ ಮಗು ತಾನಾಗಿ ಬಾರದೆಂಬುದು ಇಂಗ್ಲೆಂಡಿನ ಅನುಭವ. ಅದನ್ನು ಹೋಗಿ ಕರೆತರುವವರು ಯಾರೆಂಬುದನ್ನೂ ಅದೇ ದಫ್ತರಿನಲ್ಲಿ ಬರೆಯೋಣ.

ಅಂಥ ದಿನ ಮತ್ತೆ ಬಾರದಿರಲಿ ಎಂಬುದು ನಮ್ಮೆಲ್ಲರ ಪ್ರಾರ್ಥನೆ. ಬಾರದೆ ಹೋದರೆ ಆ ದಫ್ತರು ಕಪಾಟಿನಲ್ಲಿ ಧೂಳು ಹಿಡಿಯಲಿ, ನಷ್ಟವೇನೂ ಇಲ್ಲ. ಬಂದರೆ, ಸಂಜೆಯ ಹೊತ್ತು ಯಾರದೋ ಗೇಟಿನಾಚೆ ನಿಂತು ಬೇಡುವ ಗತಿ ನಮ್ಮ ಯಾವ ಹೆಣ್ಣುಮಗಳಿಗೂ ಬಾರದಿರಲಿ.

ಕಳೆದ ನೂರು ವರ್ಷಗಳಲ್ಲಿ ನಮ್ಮ ಹಿರಿಯರು ನಮಗಾಗಿ ಈ ಗೋಡೆಗಳನ್ನು ಕಟ್ಟಿದರು. ಅವುಗಳಲ್ಲಿ ಬಾಗಿಲುಗಳನ್ನೂ ಇಟ್ಟರು. ಯಾವಾಗ ತೆರೆಯಬೇಕೆಂಬುದನ್ನು ಮಾತ್ರ ನಮ್ಮ ವಿವೇಕಕ್ಕೆ ಬಿಟ್ಟರು. ದಫ್ತರಿನ ಮೊದಲ ಪುಟದ ಮೊದಲ ಹೆಸರನ್ನು ನಾವು ಈಗಾಗಲೇ ಗೊತ್ತುಮಾಡಿದ್ದೇವೆ. ಆಕೆ ಎರಡನೆಯ ಸಾಲಿನಲ್ಲಿ ಕುಳಿತಿದ್ದಾಳೆ.